ಮಗ್ಗದ ಕುಣಿಯಲ್ಲಿ ಅಡಗಿದ್ದು

ಕಾದಂಬರಿ ಓದುವಾಗಲೆಲ್ಲ ನನ್ನ ಮೊಮ್ಮಗಳದು ಒಂದೇ ತಕರಾರು: ಈ ಹುಡುಗ ಹುಡುಗಿಯರು ಯಾಕೆ ಓಡಿಹೋಗಿ ಅಡಗುತ್ತಾರೆ, ಬಾಯಿಬಿಟ್ಟು ಹೇಳಬಾರದೇ? ಹೇಳಬಹುದು ತಾಯಿ, ಕೇಳುವವರಿದ್ದರೆ. ಗಜೇಂದ್ರಗಡದ ನಮ್ಮ ನೇಕಾರರ ಮನೆಯಲ್ಲಿ ನಾನೂ ಹೇಳಿಯೇ ನೋಡಿದ್ದೆ.

ಆಗ ನಾನು ಏಳನೆಯ ಇಯತ್ತೆ. ಆ ವರ್ಗದ ಕೊನೆಯ ಮುಲ್ಕಿ ಪರೀಕ್ಷೆ ಹತ್ತಿರ ಬಂದಿತ್ತು. ಪಾಸಾಗಿ ಶಿಕ್ಷಕಿಯಾಗುವ ಹುಚ್ಚು ನನಗೆ. ಅಷ್ಟರಲ್ಲಿ ನರಗುಂದದಿಂದ ಗಂಡಿನವರು ನನ್ನನ್ನು ನೋಡಲು ಬರುತ್ತಾರೆಂದಾಯಿತು. ಅವರು ಒಪ್ಪಿದರೆ ಶಾಲೆ ಅಲ್ಲಿಗೇ ಮುಗಿಯಿತು. ಪರೀಕ್ಷೆಯಾದರೂ ಆಗಲಿ ಎಂದು ಗೋಗರೆದೆ. ಅಪ್ಪ ನಕ್ಕುಬಿಟ್ಟ. ಅವ್ವ ತನ್ನ ಸೀರೆ ಉಡಿಸಿ ಜಡೆ ಹೆಣೆಯತೊಡಗಿದಳು.

ಬಾಗಿಲಲ್ಲಿ ಬಂದವರ ದನಿ ಕೇಳಿದ್ದೇ ತಡ, ನೆರಿಗೆ ಎತ್ತಿ ಹಿಡಿದು ಓಟ ಕಿತ್ತೆ! ಊರ ಬೆನ್ನಿಗೇ ಅಷ್ಟು ದೊಡ್ಡ ಗುಡ್ಡವಿದೆ, ಆದರೆ ನನ್ನ ಕಾಲು ಹೋದದ್ದು ಒಳಕೋಣೆಯ ಮಗ್ಗಕ್ಕೆ. ನೇಯುವವರು ಕಾಲು ಇಳಿಬಿಡುವ ಕುಣಿಯೊಳಗೆ ಮುದುಡಿ ಕೂತೆ. ಹೆದರಿಕೆಯೋ ಖುಷಿಯೋ ಗೊತ್ತಾಗಲಿಲ್ಲ, ನಗು ಉಕ್ಕಿ ಬರುತ್ತಿತ್ತು.

ಅಷ್ಟರಲ್ಲಿ ಅಜ್ಜಿ, ಅಪ್ಪನ ತಾಯಿ, ಬಂದು ಮಗ್ಗಕ್ಕೆ ಕೂತಳು. ಅವಳ ಪಾದ ನನ್ನ ತಲೆಗೆ ತಗುಲಿತು. ಸಿಕ್ಕಿಬಿದ್ದೆ ಅಂದುಕೊಂಡೆ. ಅಜ್ಜಿ ಬಗ್ಗಿಯೂ ನೋಡಲಿಲ್ಲ, ಸೆರಗು ಕುಣಿ ಮುಚ್ಚುವಂತೆ ಮುಂದಕ್ಕೆ ಹರಡಿ ಲಾಳಿ ಎಸೆದಳು.

ಅವ್ವ ಓಡಿಬಂದು ಕೇಳಿದಳು, "ಅತ್ತೀ, ಹುಡುಗಿ ಇತ್ತ ಬಂದ್ಳೇನ್ರಿ?"

"ಹಿತ್ತಲದಾಗ ನೋಡ," ಎಂದಳು ಅಜ್ಜಿ.

ಮಗ್ಗ ನಿಂತರೆ ಅವ್ವನಿಗೆ ಅನುಮಾನ. ಹಾಗಾಗಿ ಅಜ್ಜಿ ತುಳಿಯುತ್ತಲೇ ಇದ್ದಳು, ಪ್ರತಿ ತುಳಿತಕ್ಕೂ ಕಾಲಡಿಯ ಹಲಗೆ ನನ್ನ ಭುಜಕ್ಕೆ ಬಡಿಯುತ್ತಿತ್ತು. ಆ ಪೆಟ್ಟು ತಿನ್ನುತ್ತ ನಾನು ಪಟ್ಟ ಸಂತೋಷವನ್ನು ಮುಂದೆ ಪರೀಕ್ಷೆ ಪಾಸಾದಾಗಲೂ ಪಡಲಿಲ್ಲ! ಮನೆಯಲ್ಲಿ ಒಬ್ಬರಾದರೂ ನನ್ನ ಕಡೆಗಿದ್ದರು. ಅಡಗುವ ಮಕ್ಕಳು ಹುಡುಕುವುದು ಅಂಥ ಒಬ್ಬರನ್ನೇ ಎಂದು ಮೊಮ್ಮಗಳಿಗೆ ಹೇಳುತ್ತೇನೆ.

ನರಗುಂದದವರು ಚಹಾ ಕುಡಿದು, ಮುಖ ಗಂಟಿಕ್ಕಿಕೊಂಡು ಹೊರಟುಹೋದರು. ಕುಣಿಯಿಂದ ಎದ್ದು ಬಂದ ನನ್ನ ಮೇಲೆ ಅಪ್ಪ ಕೈಯೆತ್ತಿದ. ಅಜ್ಜಿ ನಡುವೆ ಬಂದು ನಿಂತಳು.

"ನಾನ ಮುಚ್ಚಿಟ್ಟಿದ್ದೆ. ಹೊಡಿಯೂದಿದ್ರ ನನಗ ಹೊಡಿ. ಅಕಿ ಪರೀಕ್ಷಿ ಬರೀಲಿ."

ಅಪ್ಪ ಕೈ ಇಳಿಸಿ ಹೊರಗೆ ಹೋದ. ನಾನು ನೋಯುವ ಭುಜ ಹಿಡಿದೇ ಕುಣಿದಾಡಿ, ನನ್ನನ್ನು ಯಾಕೆ ಬಿಟ್ಟುಕೊಡಲಿಲ್ಲ ಎಂದು ಅಜ್ಜಿಯನ್ನು ಕೇಳಿದೆ. ಅವಳು ನನ್ನ ಭುಜ ತಿಕ್ಕುತ್ತ ಹೇಳಿದಳು:

"ನಾನೂ ಕುಣ್ಯಾಗ ಅಡಗಿದ್ದೆ. ನಮ್ಮವ್ವ ತೋರಿಸಿಕೊಟ್ಳು."