ಹಸಿದ ಕೌದಿ ಮತ್ತು ನನ್ನ ಅರವತ್ತು ದಿನ

ಓದುವ ಎಲ್ಲರಿಗೂ ನಮಸ್ಕಾರ. ನಾನು ಒಂದೇ ಬೆರಳಿನಿಂದ ಟೈಪು ಮಾಡುವವನು. ಒಂದು ಅಕ್ಷರ ಹುಡುಕುವಷ್ಟರಲ್ಲಿ ಮುಂದಿನ ಮಾತು ಮರೆತುಹೋಗಿರುತ್ತದೆ. ಎಲ್ಲಾದರೂ ಒತ್ತು, ದೀರ್ಘ ಬಿಟ್ಟುಹೋಗಿದ್ದರೆ ನೀವೇ ಹಾಕಿಕೊಂಡು ಓದಿರಿ, ಬೇಸರ ಮಾಡಿಕೊಳ್ಳಬೇಡಿರಿ.

ಹೋದ ವಾರ ಹಾನಗಲ್ ಬಸ್ ನಿಲ್ದಾಣದಲ್ಲಿ ತಿಳವಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕಾಲೇಜಿನ ಹುಡುಗಿಯರಿಬ್ಬರು ಕುಳಿತಿದ್ದರು. ಒಬ್ಬಳ ಮಡಿಲಲ್ಲಿ ನೀಲಿ ಪ್ಲಾಸ್ಟಿಕ್ ಫೈಲು. "ಇಂಟರ್ನ್‌ಶಿಪ್ ಮುಗದು ವಾರ ಆತು. ಆ ಪುಣ್ಯಾತ್ಮ ಸಹಿನ ಮಾಡವಲ್ಲ" ಎಂದು ಗೆಳತಿಯ ಮುಂದೆ ಗೋಳಾಡುತ್ತಿದ್ದಳು. ನನಗೆ ಒಳಗೊಳಗೇ ನಗು ಬಂತು. ನನ್ನ ನೆತ್ತಿಯ ಕೂದಲೆಲ್ಲ ಕಪ್ಪಾಗಿದ್ದ ಕಾಲದಲ್ಲಿ ನಾನೂ ಅಂಥದೇ ಒಂದು ಸಹಿಗಾಗಿ ಅರವತ್ತು ದಿನ ಕಾದವನು.

ಅದು ಎಂಬತ್ತರ ದಶಕದ ಆರಂಭ. ನಾನು ಓದಿಗೆ ಬಂದದ್ದು ತಡವಾಗಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಎಂಟು ವರ್ಷ ಬಂಡಿ ಹೊಡೆದು, ಆಮೇಲೆ ಮತ್ತೆ ಪಾಟಿ ಹಿಡಿದೆ. ಕಾಲೇಜಿನ ಮೊದಲ ದಿನ ನಾನು ಕ್ಲಾಸಿನೊಳಗೆ ಕಾಲಿಟ್ಟಾಗ ಹುಡುಗರೆಲ್ಲ ಎದ್ದು ನಿಂತರು, ಹೊಸ ಮಾಸ್ತರು ಬಂದರೆಂದು. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತ ಮೇಲೆಯೇ ಅವರೂ ಕುಳಿತದ್ದು.

ಕೊನೆಯ ವರ್ಷಕ್ಕೆ ಬರುವಾಗ ನನಗೆ ಇಪ್ಪತ್ತೆಂಟು. ಆ ವರ್ಷ ವಿಶ್ವವಿದ್ಯಾಲಯದವರು 'ಸ್ವಯಂ ಉದ್ಯೋಗ' ಎಂಬ ಉಪವಿಷಯ ಇಟ್ಟಿದ್ದರು. ಹೊಸದೆಂದರೆ ನನಗೆ ಮೊದಲಿಂದಲೂ ಆಸೆ, ತೆಗೆದುಕೊಂಡುಬಿಟ್ಟೆ. ಅದರ ನಿಯಮ ಇಷ್ಟೇ: ಯಾವುದಾದರೂ ಒಂದು ಉದ್ಯೋಗದಲ್ಲಿ ಅರವತ್ತು ದಿನ ಕೆಲಸ ಮಾಡಬೇಕು, ವರದಿ ಬರೆಯಬೇಕು, ಮಾಲೀಕರ ಸಹಿ ತರಬೇಕು. ವರದಿಯ ಕೊನೆಗೊಂದು ಕಾಲಂ ಇತ್ತು: 'ವಿದ್ಯಾರ್ಥಿಯು ಮಾಡಿದ ಸುಧಾರಣೆ'. ಅದು ತುಂಬದಿದ್ದರೆ ಪಾಸಿಲ್ಲ, ಇದರಲ್ಲಿ ಪಾಸಾಗದಿದ್ದರೆ ಡಿಗ್ರಿಯೂ ಇಲ್ಲ. ಅಪ್ಪ ಮೊದಲೇ ಹೇಳಿಬಿಟ್ಟಿದ್ದ, "ಇದೊಂದ್ ವರ್ಷ ನೋಡತೇನಿ. ಆಗಲಿಲ್ಲಂದ್ರ ಬಂಡಿ ಅಂಗಳದಾಗ ನಿಂತೈತಿ."

ಹಿರೇಕೆರೂರಿನ ಒಂದು ಎಣ್ಣೆ ಗಿರಣಿಗೆ ಹೋದೆ. ಮಾಲೀಕರು ಕುರ್ಚಿ ಕೊಟ್ಟು ಚಹಾ ಕುಡಿಸಿ, "ನಿಮ್ಮಂಥ ದೊಡ್ಡವರ್ನ ನಾ ಹೆಂಗ ಬೈಲ್ರಿ? ಬೈಯದ ಕೆಲಸ ಕಲಸೂದು ನನಗ ಬರಂಗಿಲ್ಲ" ಎಂದು ಕೈಮುಗಿದು ಕಳಿಸಿದರು. ಇನ್ನೆರಡು ಕಡೆಯೂ ಹಾಗೇ ಆಯಿತು. ಕೊನೆಗೆ ಶಿಗ್ಗಾಂವಿಗೆ ಮದುವೆ ಮಾಡಿಕೊಟ್ಟಿದ್ದ ನಮ್ಮಕ್ಕ, "ನಮ್ಮ ಓಣ್ಯಾಗ ಗಂಗವ್ವಾರು ಕೌದಿ ಹೊಲಿತಾರಲ್ಲೋ, ಅದೇನು ಉದ್ಯೋಗ ಅಲ್ಲೇನು?" ಎಂದಳು.

ಗಂಗವ್ವನಿಗೆ ಅರವತ್ತರ ಹತ್ತಿರ ವಯಸ್ಸು. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದಳು. ಅವಳ ಜೊತೆಗಾರ್ತಿ ಬೀಬಿಜಾನ. ಇಬ್ಬರೂ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಹಳೆ ಸೀರೆ ಧೋತರಗಳ ಚಿಂದಿ ಜೋಡಿಸಿ ಹೊಲಿಯುತ್ತಿದ್ದರು. ನಾನು ವಿಶ್ವವಿದ್ಯಾಲಯ, ತರಬೇತಿ, ಸುಧಾರಣೆ ಎಂದೆಲ್ಲ ಹೇಳಿ ಮುಗಿಸಿದ ಮೇಲೆ ಗಂಗವ್ವ ಕೇಳಿದ್ದು ಒಂದೇ ಮಾತು.

"ಸೂಜ್ಯಾಗ ದಾರ ಪೋಣ್ಸಾಕ ಬರತೈತೇನಪಾ?"

"ಬರತೈತ್ರಿ."

"ಹಂಗಾರ ಕುಂಡ್ರು. ನಮ್ಮಿಬ್ಬರಿಗೂ ಕಣ್ಣು ಕಾಣವಲ್ದು."

ಹೀಗೆ ಮೊದಲ ಹತ್ತು ದಿನ ದಾರ ಪೋಣಿಸಿದೆ. ಆಮೇಲೆ ಅಂಚು ಹೊಲಿಯಲು ಬಿಟ್ಟರು. ನನ್ನ ಹೊಲಿಗೆ ನೋಡಿ ಬೀಬಿಜಾನ, "ಮಾಸ್ತರು ಹಾದಿ ಬಿಟ್ಟು ಹೊಲದಾಗ ಇಳದಾರ ನೋಡ್ರಿ" ಎನ್ನುತ್ತಿದ್ದಳು. ತಿಂಗಳೊಳಗೆ ಗೆರೆ ನೆಟ್ಟಗಾಯಿತು, ನನಗೆ ಸ್ವಲ್ಪ ಸೊಕ್ಕೂ ಬಂತು.

ವರದಿಗಾಗಿ ದಿನವೂ ಟಿಪ್ಪಣಿ ಬರೆಯುತ್ತಿದ್ದೆ. ಕೌದಿ ಮುಗಿಯುವ ದಿನ ಅದನ್ನು ಹೊಲಿಯಲು ಕೊಟ್ಟ ಮನೆಯ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಹೋಳಿಗೆ ತರುತ್ತಿದ್ದರು. ನನಗೆ ದಿನದ ಹಾಗೆ ಪಡಸಾಲೆಯಲ್ಲೇ ಒಂದು ತಾಟು ಕೊಟ್ಟು, ಕೌದಿ ಸಮೇತ ಎಲ್ಲರೂ ಒಳಗೆ ಹೋಗುತ್ತಿದ್ದರು. ನಾನು ಹೋಳಿಗೆ ತಿನ್ನುತ್ತಲೇ ಬರೆದುಕೊಂಡೆ: 'ಊಟದಲ್ಲಿ ಮುಕ್ಕಾಲು ತಾಸು ವ್ಯರ್ಥ.' ನಮ್ಮ ಮನೆಯಲ್ಲಿ ಹೊದೆಯುತ್ತಿದ್ದದ್ದು ಕಂಬಳಿ. ಕೌದಿಯ ರೀತಿ ರಿವಾಜು ನನಗೇನು ಗೊತ್ತು?

ಸುಧಾರಣೆಯ ಕಾಲಂ ತಲೆಯಲ್ಲಿ ಕೊರೆಯುತ್ತಿತ್ತು. ಯಾರೋ ಹೇಳಿದ ಮೇಲೆ ಹೊಲಿಯುವ ಬದಲು ಮೊದಲೇ ಹೊಲಿದು ಸವಣೂರಿನ ಸಂತೆಗೆ ಒಯ್ದರೆ ಹೇಗೆ? ಗಂಗವ್ವ ಮೊದಲು ನಕ್ಕಳು, ಆಮೇಲೆ "ಹೊಲಿಯೂಣಂತ ಬಿಡು" ಎಂದಳು. ದರ್ಜಿಯ ಅಂಗಡಿಯ ಚಿಂದಿ ತಂದು ಆರು ಕೌದಿ ಹೊಲಿದೆವು. ಸಂತೆಗೆ ಎರಡು ದಿನ ಇರುವಾಗ ಇಬ್ಬರೂ ಒಂದು ಮದುವೆಗೆ ಹೋದರು. ನೋಡುತ್ತೇನೆ, ಆರೂ ಕೌದಿಗಳಲ್ಲಿ ಒಂದೊಂದು ಅಂಗೈ ಅಗಲದ ಬಾಯಿ ಹೊಲಿಯದೆ ಹಾಗೇ ಬಿಟ್ಟಿದ್ದಾರೆ. ಅವಸರದಲ್ಲಿ ಮರೆತಿರಬೇಕೆಂದುಕೊಂಡು ಕುಳಿತು ಆರನ್ನೂ ಹೊಲಿದು ಮುಚ್ಚಿದೆ. ಎರಡೆಳೆ ದಾರ, ಒತ್ತೊತ್ತಾಗಿ.

ಸಂತೆಯಲ್ಲಿ ಹೆಂಗಸರು ಬಂದರು, ಮುಟ್ಟಿದರು, ಬಣ್ಣ ಮೆಚ್ಚಿದರು. ಆಮೇಲೆ ಎಲ್ಲರೂ ಕೌದಿಯನ್ನು ತಿರುವಿ ಏನೋ ಹುಡುಕಿ ಕೆಳಗಿಡುತ್ತಿದ್ದರು. ಕೊನೆಗೆ ಹತ್ತಿಮತ್ತೂರಿನ ಒಬ್ಬ ಅಜ್ಜಿ ನೇರವಾಗಿ ಕೇಳಿದಳು, "ಇದರ ಹೊಟ್ಟಿ ಎಲ್ಲೈತೋ ಯಪ್ಪಾ?"

"ಕೌದಿಗೆ ಹೊಟ್ಟಿ ಇರತೈತೇನ್ರಿ?"

ಸುತ್ತಲಿನವರು ನಗತೊಡಗಿದರು. ಅಜ್ಜಿ ನಗಲಿಲ್ಲ. "ಹೊಟ್ಟಿಯೊಳಗ ಒಂದ್ ತುತ್ತು ಇಟ್ಟ ಹೊಲೀಬೇಕು. ಹೊದಿಯೋ ಮನ್ಯಾವ್ರ ಕೈಲೆ ಇಡಬೇಕು. ನೀ ಯಾರ ಕಡಿಂದ ಉಣಿಸಿದಿ?"

"ಯಾರೂ ಉಣಿಸಿಲ್ರಿ."

"ಹಸದ ಕೌದಿ ಒಯ್ದು ನನ್ನ ಮೊಮ್ಮಗಗ ಹೊದಿಸ್ಲೇನು?" ಎಂದು ಹೊರಟೇಹೋದಳು.

ಆರೂ ಕೌದಿ ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಶಿಗ್ಗಾಂವಿಗೆ ಮರಳಿದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಅಂಗಳದ ಬಂಡಿಯೇ. ಮರುದಿನ ಗಂಗವ್ವ ಬಂದಾಗ ಎಲ್ಲ ಹೇಳಿ, "ನೀವು ಸಹಿ ಮಾಡೂದಿಲ್ಲಂದ್ರೂ ನಡಿತೈತ್ರಿ, ತಪ್ಪು ನಂದ" ಎಂದೆ.

"ಸಹಿ ಆಮ್ಯಾಗಿಂದು. ಮೊದ್ಲ ಬಿಚ್ಚು."

ಬಿಚ್ಚಲು ಕುಳಿತರೆ ದಾರ ಬರಲೊಲ್ಲದು. ಬೀಬಿಜಾನ ಎಲೆ ಅಡಿಕೆ ಜಗಿಯುತ್ತ, "ಅಂಚು ಹೊಲಿ ಅಂದಾಗ ಸಡ್ಲ, ಬ್ಯಾಡಾದಲ್ಲಿ ಎಷ್ಟ್ ಗಟ್ಟಿ ನೋಡ್ರಿ ಮಾಸ್ತರ ಕೈ" ಎಂದಳು. ಗಂಗವ್ವ ನನ್ನ ಟಿಪ್ಪಣಿ ಓದಿಸಿ ಕೇಳಿದಳು. 'ಮುಕ್ಕಾಲು ತಾಸು ವ್ಯರ್ಥ' ಬಂದಾಗ ಇಬ್ಬರೂ ಕಣ್ಣೀರು ಬರುವ ಹಾಗೆ ನಕ್ಕರು.

ಮುಂದಿನ ಸಂತೆಗೆ ಬಾಯಿ ಬಿಚ್ಚಿದ ಕೌದಿ, ಸೂಜಿ ದಾರ ಹಿಡಿದು ಕುಳಿತೆ. ಕೊಳ್ಳುವವರು ಅಲ್ಲೇ ಉಣಿಸುವುದು, ನಾನು ಅಲ್ಲೇ ಹೊಲಿಯುವುದು. ಒಬ್ಬಾಕೆ ಬುತ್ತಿ ಬಿಚ್ಚಿ ರೊಟ್ಟಿ ಚೂರು ಇಟ್ಟಳು. ಇನ್ನೊಬ್ಬಾಕೆ ಇಡೀ ಹೋಳಿಗೆಯನ್ನೇ ತುರುಕಲು ಬಂದಾಗ, "ಒಂದ್ ಚೂರು ಸಾಕ್ರಿ, ಇರುವಿ ಕರದು ಹಬ್ಬ ಮಾಡಬ್ಯಾಡ್ರಿ" ಎಂದೆ. ಮುದುಕನೊಬ್ಬ ಚಂಚಿ ತಡಕಿ, "ನನ್ನ ಕಡೆ ಎಲಿ ಅಡಿಕಿ ಬಿಟ್ರ ಏನಿಲ್ಲಪಾ" ಎಂದ. ಅಷ್ಟು ಹೊತ್ತಿಗೆ ನಾನು ಬಲ್ಲವನಾಗಿದ್ದೆ. "ಅದು ಊಟ ಆದ ಮ್ಯಾಲಿಂದ್ರಿ" ಎಂದೆ. ಪಕ್ಕದ ಬಳೆಗಾರ್ತಿ ತನ್ನ ರೊಟ್ಟಿಯಲ್ಲಿ ಒಂದು ತುಣುಕು ಮುರಿದು ಅವನ ಕೈಗೆ ಕೊಟ್ಟಳು. ಸಂಜೆಗೆ ಒಂದೇ ಕೌದಿ ಉಳಿಯಿತು.

ಅರವತ್ತನೇ ದಿನ ಗಂಗವ್ವ ದೊಡ್ಡ ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದಳು. ಕೊನೆಯ ಕಾಲಂನಲ್ಲಿ ಏನು ಬರೆಯಲೆಂದು ಕೇಳಿದೆ. "ನೀ ಏನ್ ಸುಧಾರಿಸಿದಿ ಅದನ್ನ ಬರಿ" ಎಂದಳು. ಎಷ್ಟು ಯೋಚಿಸಿದರೂ ಸುಳ್ಳು ಹೊಳೆಯಲಿಲ್ಲ. ಖಾಲಿ ಬಿಟ್ಟೆ.

ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು ನಗು ಕಾಣದ ಮುಖದವರು. ಮಧ್ಯಾಹ್ನವಾಗಿತ್ತು, ಮೇಜಿನ ಮೇಲೆ ಅವರ ಊಟದ ಡಬ್ಬಿ ಕಾಯುತ್ತಿತ್ತು. ಪುಟ ತಿರುವಿ ತಿರುವಿ ಆ ಕಾಲಂಗೆ ಬಂದು ನಿಂತರು.

"ಇದ್ಯಾಕ ಖಾಲಿ ಬಿಟ್ಟೀರಿ?"

"ಸುಧಾರಣಾ ಮಾಡಾಕ ಹೋಗಿ ಕೆಡಿಸಿದ್ನಿರಿ. ಆಮ್ಯಾಲ ಅವ್ರ ಸರಿ ಮಾಡಿದ್ರು." ಇದ್ದದ್ದನ್ನೆಲ್ಲ ಹೇಳಿ, ಉಳಿದ ಕೌದಿಯನ್ನು ಮೇಜಿನ ಮೇಲೆ ಬಿಡಿಸಿದೆ.

ಅವರು ಅದನ್ನು ಹತ್ತಿರಕ್ಕೆ ಎಳೆದುಕೊಂಡರು. ತೆರೆದ ಬಾಯಿಯೊಳಗೆ ಎರಡು ಬೆರಳು ಹಾಕಿದರು. "ನಮ್ಮವ್ವನೂ ಹೊಲಿತಿದ್ಲು" ಎಂದವರು ಡಬ್ಬಿ ಬಿಚ್ಚಿ, ಚಪಾತಿಯ ಚೂರೊಂದನ್ನು ಮುರಿದು ಒಳಗಿಟ್ಟರು.

"ಸೂಜಿ ತಂದೀರೇನು?"

"ತಂದೇನ್ರಿ."

"ಹಂಗಾರ ಹೊಲೀರಿ. ಇದು ನನಗಿರಲಿ."

ನಾನು ಪರೀಕ್ಷಾ ಕೋಣೆಯ ನೆಲದ ಮೇಲೆ ಕುಳಿತು ಹೊಲಿದೆ. ಆ ಹೊತ್ತಿನಲ್ಲಿ ಅವರು ಖಾಲಿ ಕಾಲಂನಲ್ಲಿ ತಾವೇ ಏನೋ ಬರೆದು ಫೈಲು ಮುಚ್ಚಿದರು. ಏನು ಬರೆದರೋ ಇವತ್ತಿಗೂ ಗೊತ್ತಿಲ್ಲ. ಪಾಸಾದದ್ದು ಮಾತ್ರ ಗೊತ್ತು.

ಇಷ್ಟು ವರ್ಷ ಇದನ್ನು ನಾನು ಪಾಸಾದ ಕಥೆಯೆಂದೇ ಹೇಳುತ್ತ ಬಂದಿದ್ದೆ. ಈಗ ಮೂರು ದಿನದಿಂದ ಒಂದೊಂದೇ ಅಕ್ಷರ ಒತ್ತುವಾಗ ಬೇರೊಂದು ಹೊಳೆಯಿತು. ಆ ಅರವತ್ತು ದಿನವೂ ಪಡಸಾಲೆಯಲ್ಲಿ ನನಗೊಂದು ತಾಟು ಬರುತ್ತಿತ್ತು. ಒಂದು ದಿನವೂ ನಾನು ಹಸಿದು ಎದ್ದದ್ದಿಲ್ಲ. ಅದನ್ನು ವರದಿಯಲ್ಲಿ ಬರೆಯಲೇ ಇಲ್ಲ, ಇಲ್ಲಿ ಬರೆದಿದ್ದೇನೆ.

ನಿಮಗೂ ಹೀಗೆ ಕೆಲಸ ಕಲಿಸಿದವರು ಇದ್ದಾರು. ನಿಮ್ಮ ಕಡೆ ಕೌದಿಗೆ ಏನು ಉಣಿಸುತ್ತಿದ್ದರು, ಯಾರ ಕೈಯಿಂದ? ಪುರುಸೊತ್ತಾದಾಗ ಬರೆದು ತಿಳಿಸಿರಿ. ನಾನು ನಿಧಾನಕ್ಕೆ ಟೈಪು ಮಾಡಿದರೂ ಓದುವುದು ಬೇಗ.