ಅತ್ತೆಯ ಬೈಗುಳ ದೇವರಿಗೇಕೆ ಬೇಕಾಯಿತು

ನಮ್ಮ ಅತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಸೊಸೆ ಎಂಬ ಕಾರಣಕ್ಕೆ ನಾನಿದನ್ನು ಹೇಳುತ್ತಿಲ್ಲ. ಚರ್ಚಿನಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ, ಪಾಸ್ಟರು ಮಾತ್ರ ಸ್ವಲ್ಪ ಮೆಲ್ಲಗೆ ಹೇಳುತ್ತಾರೆ. ಶನಿವಾರ ಮಧ್ಯಾಹ್ನ ಚರ್ಚಿನ ನೆಲ ಒರೆಸುವುದು ಅತ್ತೆಯ ಕೆಲಸ, ಮಾವ ತೀರಿಕೊಂಡ ವರ್ಷದಿಂದ ಬಂದ ಕೆಲಸ. ಬೆಂಚುಗಳನ್ನು ಗೋಡೆಗೆ ಎಳೆದು ಗುಡಿಸಿ, ಬಕೆಟ್ಟಿಗೆ ಒಂದು ಮುಚ್ಚಳ ಫಿನಾಯಿಲ್ ಸುರಿದು, ವೇದಿಕೆಯ ಮೆಟ್ಟಿಲಿನಿಂದ ಶುರುಮಾಡಿ ಹಿಂದೆ ಹಿಂದೆ ಸರಿಯುತ್ತ ಬಾಗಿಲವರೆಗೆ ಒರೆಸುತ್ತಾರೆ. ಆ ಹೊತ್ತಿನಲ್ಲಿ ಯಾರಾದರೂ ಒಳಗೆ ಕಾಲಿಟ್ಟರೋ, ಅವರ ಕಥೆ ಮುಗಿಯಿತು. "ಅಲ್ಲೇ ನಿಲ್ಲು" ಎನ್ನುವುದು ಬರೀ ಪೀಠಿಕೆ. ಹೂ ಜೋಡಿಸಲು ಬರುವ ಹೆಂಗಸರು, ಹಾಡು ಕಲಿಯಲು ಬರುವವರು, ಒಮ್ಮೆ ಸ್ವತಃ ಪಾಸ್ಟರು, ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ಕಾದವರೇ.

ಹೋದ ತಿಂಗಳು ಒಂದು ಭಾನುವಾರ, ಆರಾಧನೆಯ ನಡುವೆ ಬೇರೆ ಊರಿನ ಒಬ್ಬರು, ದೇವರು ತಮ್ಮ ಬದುಕಿನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳಲು ಎದ್ದು ನಿಂತರು. ನರೆತ ಕೂದಲು, ಇಸ್ತ್ರಿ ಮಾಡಿದ ಅಂಗಿ, ನಮಗೆ ಯಾರಿಗೂ ಪರಿಚಯವಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ಪ್ರಾಣ ಕಳೆದುಕೊಳ್ಳಬೇಕೆಂದು ನಿರ್ಧರಿಸಿ ಮನೆ ಬಿಟ್ಟಿದ್ದರಂತೆ. ಹೋಗುವ ಮುಂಚೆ ಒಂದು ಸಲ ದೇವರ ಮುಂದೆ ನಿಂತು ಹೋಗೋಣವೆಂದು ಪಕ್ಕದ ಬಾಗಿಲಿಂದ ಇದೇ ಚರ್ಚಿಗೆ ಬಂದರಂತೆ. ನಡುವಿನಲ್ಲಿ ಮಂಕು ಬಡಿದವರಂತೆ ನಿಂತಿದ್ದಾಗ, ಹಿಂದೆ ಸರಿಯುತ್ತ ನೆಲ ಒರೆಸುತ್ತಿದ್ದ ಒಬ್ಬ ಹೆಂಗಸು ಬಂದು ಇವರಿಗೆ ಢಿಕ್ಕಿ ಹೊಡೆದಳಂತೆ. ಕಣ್ಣು ಕಾಣಿಸಲ್ವಾ ಎಂದು ಅವಳು ಇವರನ್ನೇ ಗದರಿಸಿದಳು. ಅಲ್ಲೇ ನಿಲ್ಲು, ಒಣಗುವ ತನಕ ಕದಲಿದರೆ ನೋಡು ಎಂದು ಹೇಳಿ, ಇವರ ಸುತ್ತಲೂ ಒರೆಸಿಕೊಂಡು ಹೊರಟೇ ಹೋದಳು.

"ಸಾಯೋಕೆ ಹೊರಟವನಿಗೆ ನೆಲ ಕೊಳೆಯಾದ್ರೆ ಏನಂತೆ? ಆದ್ರೂ ನನಗೆ ಕಾಲು ಎತ್ತೋಕೆ ಆಗಲಿಲ್ಲ," ಎಂದರು ಅವರು. "ಹಾಗೇ ನಿಂತೆ. ನಿಂತು ಬೇಜಾರಾಗಿ ಪ್ರಾರ್ಥನೆ ಮಾಡಿದೆ. ನೆಲ ಒಣಗೋ ಹೊತ್ತಿಗೆ ಮನೆಗೆ ಹೋಗಬೇಕು ಅನ್ನಿಸ್ತು. ಹೋದೆ."

ಇಡೀ ಸಭೆ ಕತ್ತು ತಿರುಗಿಸಿ ಅತ್ತೆಯನ್ನು ನೋಡಿತು. ಅತ್ತೆ ನನ್ನ ಕಿವಿಯಲ್ಲಿ, ಯಾರೇ ಇವನು ಎಂದರು. ಎಷ್ಟು ಯೋಚಿಸಿದರೂ ಅವರಿಗೆ ಆ ಮುಖದ ನೆನಪೇ ಇಲ್ಲ. ಗದರಿಸಿದವರನ್ನೆಲ್ಲ ನೆನಪಿಟ್ಟುಕೊಳ್ಳುತ್ತ ಹೋದರೆ ಅವರ ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗ ಇರುತ್ತಿರಲಿಲ್ಲ ಬಿಡಿ.

ಪಾಸ್ಟರಿಗಂತೂ ಉಪದೇಶದ ಪ್ರಸಂಗಕ್ಕೆ ವಿಷಯ ತಾನಾಗಿಯೇ ಒದಗಿಬಂದಿತ್ತು. ಬೈಬಲಿನ ಕಾಲದಲ್ಲಿ ಒಬ್ಬ ಹುಡುಗನ ಬುತ್ತಿಯ ರೊಟ್ಟಿಯಿಂದ ಕರ್ತನು ಸಾವಿರಾರು ಜನರ ಹೊಟ್ಟೆ ತುಂಬಿಸಿದ, ಕುರಿ ಕಾಯುವವನ ಕೋಲಿನಿಂದ ಸಮುದ್ರಕ್ಕೆ ದಾರಿ ಮಾಡಿಸಿದ, ಕತ್ತೆಯ ದವಡೆ ಎಲುಬಿನಿಂದ ಶತ್ರುಗಳನ್ನು ಸೋಲಿಸಿದ, ನಮ್ಮ ಕಾಲದಲ್ಲಿ ನೆಲ ಒರೆಸುವ ಮಾಪಿನಿಂದ ಒಂದು ಜೀವ ಉಳಿಸಿದ ಎಂದರು. ಎಲ್ಲರೂ ಆಮೆನ್ ಅಂದರು. ಮನೆಗೆ ಬರುವ ದಾರಿಯಲ್ಲಿ ಅತ್ತೆ, ಕತ್ತೆಯ ದವಡೆಯ ಪಕ್ಕದಲ್ಲಿ ನನ್ನನ್ನು ಕೂರಿಸಿದರಲ್ಲ ಎಂದು ಗೊಣಗಿದರು. ನನಗೆ ನಗು ಬಂತು. ಅವರು ನಗಲಿಲ್ಲ.

ಆ ವಾರವಿಡೀ ಮನೆಯಲ್ಲಿ ಒಂದು ಬೈಗುಳವೂ ಕೇಳಲಿಲ್ಲ. ಹಾಲು ಉಕ್ಕಿದರೂ ಅತ್ತೆ ಚಕಾರ ಎತ್ತಲಿಲ್ಲ. ಬಟ್ಟೆ ಮಡಿಸುತ್ತ ಕೂತವರು ಇದ್ದಕ್ಕಿದ್ದಂತೆ ತಲೆಯೆತ್ತಿ, ಪ್ರಾರ್ಥನೆ ಮಾಡಿ ಒಳ್ಳೆ ಮಾತು ಆಡಿದ್ದರೆ ದೇವರು ಅದನ್ನು ತಗೊಂಡ ಅನ್ನಬಹುದಿತ್ತು, ನಾನು ಬೈದಿದ್ದು ಸೊಂಟನೋವಿಗಲ್ಲವೇ ಎಂದು ನನ್ನನ್ನು ಕೇಳುತ್ತಿದ್ದರು. ದೇವರಿಗೆ ಹತ್ತಿರದ ಸಾಮಾನು ಕೈಗೆ ಸಿಕ್ಕಿರಬೇಕು ಬಿಡಿ ಅತ್ತೆ ಎಂದೆ. ಅದು ಅವರಿಗೆ ಸಮಾಧಾನ ತಂದಂತೆ ಕಾಣಲಿಲ್ಲ, ಹಾಗೆ ನೋಡಿದರೆ ನನಗೂ ತಂದಿರಲಿಲ್ಲ.

ಮುಂದಿನ ಶನಿವಾರ ಬೆಂಚು ಎಳೆಯಲು ನಾನೂ ಜೊತೆಗೆ ಹೋದೆ. ಅರ್ಧ ನೆಲ ಒರೆಸಿ ಆಗಿತ್ತು, ಹೂವಿನ ಹೆಂಗಸರು ಬಂದರು. ಅಭ್ಯಾಸದಂತೆ ಬಾಗಿಲಲ್ಲಿ ನಿಂತು ಬೈಗುಳಕ್ಕೆ ಕಾದರು. ಅತ್ತೆ ಬಾಯಿ ತೆರೆದು, ಹಾಗೇ ಮುಚ್ಚಿಕೊಂಡರು. ಸ್ವಲ್ಪ ಹೊತ್ತು ಕಾದು ಆ ಹೆಂಗಸರು ನಡೆದೇಬಿಟ್ಟರು. ಹೊಳೆಯುವ ನೆಲದ ಮೇಲೆ ಸಾಲಾಗಿ ಹೆಜ್ಜೆ ಗುರುತು. ನನಗೇ ತಡೆಯಲಾಗಲಿಲ್ಲ, ನಿಮಗೇನಾಗಿದೆ ಅತ್ತೆ ಎಂದು ರೇಗಿದೆ.

ಅವರು ಮಾಪನ್ನು ಬಕೆಟ್ಟಿಗೆ ಒರಗಿಸಿ ಬೆಂಚಿನ ಮೇಲೆ ಕುಸಿದು ಕೂತರು. ಆಗ ಹೊರಬಂತು ತಮ್ಮನ ವಿಷಯ. ಅತ್ತೆಗೆ ಒಬ್ಬನೇ ತಮ್ಮ. ಇದೇ ಊರಿನಲ್ಲಿ, ಸೇತುವೆಯ ಆಚೆ ಹೊಲಿಗೆ ಮಿಷನ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದಮೇಲೆ ಅವರನ್ನು ನೋಡಿಯೇ ಇಲ್ಲ. ನನ್ನ ಗಂಡ ಸೋದರಮಾವನ ಮಾತೆತ್ತಿದರೆ ಅತ್ತೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ನನ್ನ ಮದುವೆಗೂ ಮುಂಚೆ ಒಂದು ಮಧ್ಯಾಹ್ನ ಆ ತಮ್ಮ ಈ ಮನೆಗೆ ಬಂದಾಗ ಅತ್ತೆ ಆಗಷ್ಟೇ ನೆಲ ಒರೆಸಿದ್ದರಂತೆ. ಕೆಸರು ಕಾಲಲ್ಲಿ ಹೊಸ್ತಿಲು ದಾಟಲು ಹೊರಟವನನ್ನು ಗದರಿಸಿ, ಅಲ್ಲೇ ನಿಲ್ಲು, ಒಣಗುವ ತನಕ ಒಳಗೆ ಬರಬೇಡ ಎಂದರಂತೆ. ಬಕೆಟ್ಟಿನ ನೀರು ಹಿತ್ತಲಿಗೆ ಚೆಲ್ಲಿ ಬಂದು ನೋಡಿದರೆ ಬಾಗಿಲಲ್ಲಿ ಯಾರೂ ಇಲ್ಲ. ಅವತ್ತು ಹೋದವರು ಮತ್ತೆ ಈ ಕಡೆ ತಲೆ ಹಾಕಿಲ್ಲ.

"ಅದೇ ಬಾಯಿ, ಅದೇ ಮಾತು," ಎಂದರು ಅತ್ತೆ. "ಯಾರೋ ಏನೋ, ಅವನನ್ನ ಉಳಿಸ್ತು. ನನ್ನ ಒಡಹುಟ್ಟಿದವನನ್ನ ಹೊರಗೆ ಹಾಕ್ತು. ಅದು ದೇವರು ಮಾಡಿದ್ದು ಅಂದ್ರೆ, ಇದು ಯಾರು ಮಾಡಿದ್ದು?"

ಅಷ್ಟರಲ್ಲಿ ಪಾಸ್ಟರು ಬಂದರು. ಅತ್ತೆ ಅವರಿಗೂ ಅದೇ ಪ್ರಶ್ನೆ ಹಾಕಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ಕೊನೆಗೆ, ಗೊತ್ತಿಲ್ಲಮ್ಮ ಎಂದರು. ಅವರ ಪ್ರಸಂಗಗಳಿಗಿಂತ ಈ ಒಂದು ಮಾತು ನನಗೆ ಹಿಡಿಸಿತು. ಆದರೆ ಅತ್ತೆಗೆ ಅದು ಸಾಲಲಿಲ್ಲ. ತಮ್ಮನ ಕ್ಷಮೆ ಕೇಳಬೇಕು, ಬಾಯಿ ಬಿಟ್ಟರೆ ಇನ್ನೇನು ಅನಾಹುತವೋ ಎಂಬ ಭಯ ಅವರಿಗೆ. ಹೀಗೆ ಬಿಟ್ಟರೆ ಇವರು ತಮ್ಮನ ಮುಖ ನೋಡದೆಯೇ ಕಣ್ಣು ಮುಚ್ಚುತ್ತಾರೆ ಎನ್ನಿಸಿ ನನಗೆ ಸಿಟ್ಟು ಬಂತು. ಉಳಿದ ನೆಲವನ್ನು ಹೇಗೋ ಒರೆಸಿ ಮುಗಿಸಿ, ಅವರ ಕೈ ಹಿಡಿದು ಸೇತುವೆಯ ಆಚೆಗೆ ಹೋಗುವ ಬಸ್ಸು ಹತ್ತಿಸಿದೆ.

ಅಂಗಡಿ ಚಿಕ್ಕದು. ಗೋಡೆಯ ಉದ್ದಕ್ಕೂ ಹಳೆಯ ಮಿಷನ್ನುಗಳು, ನೆಲದಲ್ಲಿ ಹರಿದ ಬೆಲ್ಟು, ಎಲ್ಲೆಲ್ಲೂ ಎಣ್ಣೆಯ ವಾಸನೆ. ಅತ್ತೆಯ ಮೂಗನ್ನೇ ಹೊತ್ತ ಒಬ್ಬರು ಒಂದು ಮಿಷನ್ನಿನ ತಲೆ ಮಗುಚಿ ಎಣ್ಣೆ ಬಿಡುತ್ತಿದ್ದರು. ನಮ್ಮನ್ನು ನೋಡಿ, ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಒಂದು ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ತಳ್ಳಿದರು. ಅತ್ತೆ ಕೂರಲಿಲ್ಲ.

"ಅವತ್ತು ನಾನು ಹಾಗೆ ಅನ್ನಬಾರದಿತ್ತು," ಎಂದರು.

"ಯಾವತ್ತು?"

ಅತ್ತೆ ತಡವರಿಸುತ್ತ ಎಲ್ಲ ಹೇಳಿದರು, ಹೊಸ್ತಿಲು, ಕೆಸರು ಕಾಲು, ತಾವು ಆಡಿದ ಮಾತು. ಅವರು ಎಣ್ಣೆಯ ಡಬ್ಬಿ ಹಿಡಿದುಕೊಂಡೇ ಯೋಚಿಸಿದರು. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದಾರೆ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ನೀನು ಬೈಯದೆ ಇದ್ದ ದಿನ ಯಾವುದು ಅಕ್ಕ? ಅದನ್ನೆಲ್ಲ ಯಾರು ನೆನಪಿಟ್ಕೋತಾರೆ," ಎಂದರು. "ಅವತ್ತು ಬಸ್ ಬಂತು ಅನ್ಸುತ್ತೆ. ನೆಲ ಒಣಗೋಕೆ ಹೊತ್ತಾಗುತ್ತೆ, ಇನ್ನೊಂದಿನ ಬಂದ್ರಾಯ್ತು ಅಂತ ಹತ್ತಿಬಿಟ್ಟೆ."

"ಮತ್ತೆ ಆಮೇಲೆ ಯಾಕೆ ಬರಲಿಲ್ಲ?"

ಅವರು ಮಿಷನ್ನಿನ ಕಡೆಗೆ ಮುಖ ತಿರುಗಿಸಿದರು.

"ನೀನು ಕರೀಲಿಲ್ಲ."

ನನಗೆ ತಲೆ ಬುಡ ತಿಳಿಯದಂತಾಯಿತು. ಅತ್ತೆ ಮರೆತ ಮಾತು ಒಬ್ಬನನ್ನು ಬದುಕಿಸಿತ್ತು. ಇಷ್ಟು ವರ್ಷ ಪಾಪವೆಂದು ಎದೆಯಲ್ಲಿ ಹೊತ್ತು ತಿರುಗಿದ ಮಾತು ತಮ್ಮನ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬಂದಿತ್ತು. ತಮ್ಮನನ್ನು ದೂರ ಇಟ್ಟಿದ್ದು ಅವರು ಆಡದೇ ಉಳಿಸಿಕೊಂಡ ಮಾತು. ಪಾಸ್ಟರು ಜೊತೆಯಲ್ಲಿದ್ದರೆ ಮತ್ತೊಮ್ಮೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಇಡೀ ಸಭೆಯನ್ನು ಬಾಗಿಲಲ್ಲಿ ನಿಲ್ಲಿಸಬಲ್ಲ ನಮ್ಮ ಅತ್ತೆಗೆ ಈಗ ಮಾತೇ ಹೊರಡಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ನಾನು ಅವರ ಪರವಾಗಿ ಕರೆದುಬಿಡಬಹುದಿತ್ತು, ಯಾಕೋ ಅದು ಸರಿಯಲ್ಲ ಅನ್ನಿಸಿ ತಡೆದುಕೊಂಡೆ.

"ಬಾ," ಎಂದರು ಅತ್ತೆ ಕೊನೆಗೆ. "ಊಟಕ್ಕೆ ಬಾ."

"ಯಾವಾಗ?"

"ಈಗ."

ಅವರು ಕೈಯ ಎಣ್ಣೆಯನ್ನು ಒಂದು ಚಿಂದಿಗೆ ಬಹಳ ಹೊತ್ತು ಒರೆಸಿದರು. ಆಮೇಲೆ ಅಂಗಡಿಯ ದೀಪ ಆರಿಸಿ ಬಾಗಿಲೆಳೆದರು.

ಬಸ್ಸಿನಲ್ಲಿ ಅಕ್ಕ ತಮ್ಮ ಒಂದೇ ಸೀಟಿನಲ್ಲಿ ಕೂತರು, ನಾನು ಅವರ ಹಿಂದೆ. ಸೇತುವೆ ದಾಟುವಾಗ ಅತ್ತೆ ಹಿಂದಕ್ಕೆ ತಿರುಗಿ ನನ್ನ ಕಡೆಗೆ ಬಾಗಿ, ಬೈಗುಳವನ್ನೇ ತಗೊಂಡು ಒಬ್ಬನನ್ನ ಉಳಿಸಿದ ದೇವರು ಈ ಒಂದು 'ಬಾ' ಅನ್ನೋದನ್ನ ಇಷ್ಟು ವರ್ಷ ಯಾಕೆ ತಗೊಳ್ಳಲಿಲ್ಲ ಎಂದು ಕೇಳಿದರು. ನೀವು ಕೊಟ್ಟಿದ್ದರೆ ತಾನೇ ತಗೊಳ್ಳೋದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಾಗಿದ್ದರೆ ಅವರು ದೇವರಿಗೆಂದು ಕೊಡದ ಬೈಗುಳವನ್ನು ಆತ ತಗೊಂಡಿದ್ದು ಹೇಗೆ ಎಂಬುದು ಹೊಳೆದು, ಗೊತ್ತಿಲ್ಲ ಅತ್ತೆ ಎಂದೆ.