ಎರಡು ಗೇಣು, ನಾಲ್ಕು ಬೆರಳು

ನವನಗರದ ನಮ್ಮ ಮನೆಯ ಮುಂದಿನ ಕಟ್ಟೆ ಎರಡು ಗೇಣು ನಾಲ್ಕು ಬೆರಳು ಎತ್ತರ. ಇಷ್ಟು ವರ್ಷ ಅದನ್ನು ತೊಳೆದಿದ್ದೇನೆ, ಅದರ ಮೇಲೆ ಕೂತು ಜೋಳ ಹಸನು ಮಾಡಿದ್ದೇನೆ, ಅಳತೆ ಮಾತ್ರ ಎಂದೂ ಬೇಕಾಗಿರಲಿಲ್ಲ. ಲಕ್ವ ಹೊಡೆದು ನಮ್ಮ ಯಜಮಾನರ ಎಡಗೈ, ಎಡಗಾಲು ಬಿದ್ದುಹೋದ ಮೇಲೆ, ಅವರು ಯಾರ ಆಸರೆಯೂ ಇಲ್ಲದೆ ಕೂತು ಏಳಬಲ್ಲ ಜಾಗ ಅದೊಂದೇ ಎಂದು ತಿಳಿಯಿತು. ಬಲಗೈಗೆ ಸಿಗುವಂತೆ ಅಲ್ಲೊಂದು ಕಂಬವಿದೆ. ಅದನ್ನು ಹಿಡಿದು ಹಿಂದಕ್ಕೆ ಸರಿದು ಕೂತರೆ ಕಾಲು ನೆಲಕ್ಕೆ ಸರಿಯಾಗಿ ಊರುತ್ತದೆ.

ನಮ್ಮದು ಲಿಂಗಪೂಜೆಯ ಮನೆತನ. ಮೀನು ನಮ್ಮ ಹೊಸ್ತಿಲು ದಾಟಿದ್ದಿಲ್ಲ. ಆದರೆ ಯಜಮಾನರು ಹುಟ್ಟಿದ್ದು ಹಳೆ ಬಾಗಲಕೋಟೆಯಲ್ಲಿ, ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿರುವ ಒಂದು ಓಣಿಯಲ್ಲಿ. ಶಾಲೆಗೆ ಹೋಗುವ ಮೊದಲೇ ಗಾಳ ಹಾಕುವುದನ್ನು ಕಲಿತವರು. ನೌಕರಿಯಲ್ಲಿದ್ದಾಗಲೂ ರವಿವಾರ ಬಂತೆಂದರೆ ಪರಿಚಯದ ಒಬ್ಬ ಅಂಬಿಗನ ತೆಪ್ಪದಲ್ಲಿ ನೀರಿಗೆ ಹೋಗುವರು. ಸಿಕ್ಕ ಮೀನು ಅಂಬಿಗನ ಮನೆಗೆ. ಇವರು ಹಿತ್ತಲಲ್ಲಿ ಮೈತೊಳೆದುಕೊಂಡು ಒಳಗೆ ಬರಬೇಕು, ಅದು ನಾನು ಹಾಕಿದ ಕಟ್ಟಳೆ.

"ತಿನ್ನದವರು ಕೊಲ್ಲೂದು ಯಾಕ್ರಿ?" ಎಂದು ಕೇಳುತ್ತಿದ್ದೆ.

"ನಾ ಕೊಲ್ಲಾಕ ಹೋಗಂಗಿಲ್ಲ. ಕುಂಡ್ರಾಕ ಹೋಗ್ತೇನಿ," ಎನ್ನುವರು.

ಈ ಚಟ ಬಿಡಿಸಪ್ಪಾ ಎಂದು ಪ್ರತಿ ಶ್ರಾವಣದಲ್ಲಿ ಮಹಾಕೂಟಕ್ಕೆ ಹೋಗಿ ಬೇಡಿಕೊಂಡವಳು ನಾನು. ಲಕ್ವ ಹೊಡೆಯಿತು, ಚಟ ಬಿಟ್ಟಿತು. ನಾನು ಬೇಡಿದ್ದು ಹೀಗಲ್ಲ ಎಂದು ಶಿವನಿಗೆ ಹೇಳಿದೆ. ಅವನು ಇವರ ಮಾತು ಉಳಿಸಿದ್ದ, ಬಲಗೈ ಉಳಿಸಿದ್ದ. ಅಷ್ಟನ್ನು ಎಣಿಸಿಕೊಂಡೆ.

ಇಷ್ಟಲಿಂಗವನ್ನು ಹಿಡಿಯುವುದು ಎಡ ಅಂಗೈಯಲ್ಲಿ. ಅವರ ಎಡಗೈ ನಿಲ್ಲುವುದಿಲ್ಲ. ಹಾಗಾಗಿ ದಿನವೂ ಬೆಳಿಗ್ಗೆ ನಾನು ಅವರ ಎದುರು ಕೂತು, ನನ್ನ ಬಲಗೈಯನ್ನು ಅವರ ಎಡಗೈಯ ಕೆಳಗೆ ಇಟ್ಟು ಹಿಡಿಯುತ್ತೇನೆ. ಅವರು ಬಲಗೈಯಿಂದ ನೀರು ಎರೆದು, ವಿಭೂತಿ ಹಚ್ಚಿ, ಪತ್ರಿ ಏರಿಸುತ್ತಾರೆ. ಪೂಜೆ ಮುಗಿಯುವ ಹೊತ್ತಿಗೆ ನನ್ನ ತೋಳು ಜೋಮು ಹಿಡಿದಿರುತ್ತದೆ. ಆಮೇಲೆ ಅಂಗಿಯ ಗುಂಡಿ, ಊಟ, ಗುಳಿಗೆ. ಎಲ್ಲವೂ ಎದುರು ಕೂತೇ.

ಒಂದು ರವಿವಾರ ಆ ಅಂಬಿಗ ಅಕ್ಕರೆಯಿಂದ ಬಂದು, ತನ್ನ ತಮ್ಮನ ಜೊತೆ ಸೇರಿ ಇವರನ್ನು ಎತ್ತಿ ತೆಪ್ಪದಲ್ಲಿ ಕೂರಿಸಿದ. ತೆಪ್ಪದಲ್ಲಿ ತಳಕ್ಕೇ ಕೂರಬೇಕು, ಇವರ ಮೊಣಕಾಲು ಮಡಚುವುದಿಲ್ಲ. ಇಳಿಸುವಾಗ ಒಬ್ಬ ಕಂಕುಳಿಗೆ ಕೈಕೊಟ್ಟ, ಇನ್ನೊಬ್ಬ ಕಾಲು ಹಿಡಿದ. ಧೋತರ ಬಿಚ್ಚಿತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಮುಖ ತಿರುಗಿಸಿದರು. ತಿರುಗಿಸಿದ್ದೇ ಇವರಿಗೆ ಹೆಚ್ಚು ನೋವಾಯಿತು.

"ಇನ್ನ ಮ್ಯಾಲೆ ನನ್ನ ಯಾರೂ ಎತ್ತಬ್ಯಾಡ್ರಿ. ನಾ ಜ್ವಾಳದ ಚೀಲ ಅಲ್ಲ," ಎಂದು ಮನೆಗೆ ಬಂದವರೇ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮರುದಿನದಿಂದ ಕಟ್ಟೆಗೂ ಬರಲಿಲ್ಲ. ಒಂದು ತಿಂಗಳು ಹೂಂ, ಊಹೂಂ ಬಿಟ್ಟು ಬೇರೆ ಮಾತಿಲ್ಲ. ದೇವರು ಉಳಿಸಿಕೊಟ್ಟ ಮಾತೂ ಹೋಗುತ್ತದೇನೋ ಎಂದು ನನಗೆ ಭಯವಾಯಿತು.

ಅವರು ತಾವಾಗಿಯೇ ಹತ್ತಿ ಇಳಿಯುವಂಥ ದೋಣಿ ಬೇಕು ಎಂದು ಅಂಬಿಗನಿಗೆ ಹೇಳಿಕಳಿಸಿದೆ. ಉಳಿದ ದಿನ ಅವನೇ ಬಲೆಗೆ ಬಳಸಿಕೊಳ್ಳಲಿ, ರವಿವಾರ ಒಂದು ಇವರಿಗಿರಲಿ ಎಂದೆ.

"ಅಕ್ಕಾರ, ನೀವು ದೋಣಿ ಹುಡಕಾಕ ಹೊಂಟ್ರಂದ್ರ ಹೊಳಿ ಹಿಂದಕ ಹರೀತೈತಿ ನೋಡ್ರಿ," ಎಂದು ನಕ್ಕ. ಆದರೂ ಜೊತೆಗೆ ಬಂದ.

ಮೊದಲು ನೋಡಿದ್ದು ನೀಲಿ ಬಣ್ಣದ ಫೈಬರ್ ದೋಣಿ. ನೋಡಲು ಚೆಂದ, ಸಪೂರ. ಯಜಮಾನರು ಕೂರುವ ಹಾಗೆ ನಾನೇ ಅದರ ಅಂಚಿನ ಮೇಲೆ ಕೂತೆ. ವಾಲಿತು. ಸೊಂಟದವರೆಗೆ ನೀರಿಗಿಳಿದೆ. ಒದ್ದೆಯಾದ ಇಳಕಲ್ಲ ಸೀರೆ ಎಷ್ಟು ಭಾರ ಎಂಬುದು ಬಸ್ಸಿನಲ್ಲಿ ನಿಂತು ಮನೆಗೆ ಬರುವಾಗ ಗೊತ್ತಾಯಿತು. ಎರಡನೆಯದು ಇಂಜಿನ್ ಇದ್ದ ದೊಡ್ಡ ದೋಣಿ. ಅಂಚು ಮೂರೂವರೆ ಗೇಣು. ಅದನ್ನು ಹತ್ತಲು ನನಗೇ ಏಣಿ ಬೇಕು.

ಮೂರನೆಯದು ಹುನಗುಂದದ ಕಡೆ ಸಿಕ್ಕಿತು. ಆಡು, ಮೇವು ದಾಟಿಸುವ ತಗಡಿನ ದೋಣಿ. ತಳ ರೊಟ್ಟಿ ಹಂಚಿನ ಹಾಗೆ ಸಪಾಟು, ಎರಡೂ ತುದಿ ಒಂದೇ ಥರ ಚೌಕ. ನಾನು ಬಗ್ಗಿ ಗೇಣು ಹಾಕುವುದನ್ನು ನೋಡಿ ಮಾರುವವನು ಕೇಳಿದ:

"ಅವ್ವಾರ, ದೋಣಿ ತೊಗೊಳ್ಳಾಕ ಬಂದೀರೋ, ಇದಕ್ಕ ಅಂಗಿ ಹೊಲಸಾಕ ಬಂದೀರೋ?"

"ತೂಗ್ಯಾಡತೈತೇನು, ಅದನ್ನ ಹೇಳಪಾ."

"ಆಡು ಇದರಾಗ ನಿಂತಽ ನಿದ್ದಿ ಮಾಡ್ತಾವ್ರಿ. ಮೇವು ಹೇರ್ರಿ, ಬಲಿ ಬೀಸ್ರಿ, ಗಾಳ ಹಾಕ್ರಿ. ಒಲ್ಲೆ ಅನ್ನಂಗಿಲ್ಲ."

ಅಂಚಿನ ಮೇಲೆ ಹತ್ತು ಸಲ ಕೂತೆದ್ದೆ. ಅಲುಗಲಿಲ್ಲ. ಎರಡು ಗೇಣು ಮೂರು ಬೆರಳು ಬಂತು. ಒಂದು ಬೆರಳು ಕಡಿಮೆ. ಈ ಅಂಚಿನಿಂದ ಆ ಅಂಚಿಗೆ ಬೆರಳು ದಪ್ಪದ ಹಲಗೆ ಅಡ್ಡ ಹಾಕಿದರೆ ಸರಿಹೋಯಿತು. ಗಬ್ಬೆಂದು ಆಡಿನ ನಾತ ಹೊಡೆಯುತ್ತಿತ್ತು. ಅದನ್ನು ತೊಳೆಯಬಹುದು.

ಟ್ರ್ಯಾಕ್ಟರಿನಲ್ಲಿ ಬಾಗಲಕೋಟೆಗೆ ತರಿಸಿ, ಕಟ್ಟೆಯ ಕಂಬದ ಹಾಗೆ ಹಲಗೆಯ ಪಕ್ಕಕ್ಕೆ ನಡುಮಧ್ಯ ಒಂದು ಪೈಪು ನಿಲ್ಲಿಸಲು ವೆಲ್ಡಿಂಗ್‌ನವನಿಗೆ ಹೇಳಿದೆ. "ಪೈಪು ಹಲಗಿಯ ಯಾವ ಮಗ್ಗಲಿಗ್ರಿ?" ಎಂದ. ದೋಣಿಯ ಎದುರು ನಿಂತು, ಯಜಮಾನರು ಹಲಗೆಯ ಈ ತುದಿಗೆ ಕೂತಿದ್ದಾರೆಂದು ನೆನೆಸಿಕೊಂಡು ಕೈ ಎತ್ತಿ ತೋರಿಸಿದೆ. "ಇಲ್ಲಿ."

ಆ ರವಿವಾರ ದಂಡೆಯಲ್ಲಿ ಹೊಳೆಯ ತಾಯಿ ಗಂಗವ್ವನಿಗೆ ಉಡಿ ತುಂಬಿದೆ. ಕುಪ್ಪಸದ ಖಣ, ಕೊಬ್ಬರಿ, ಅರಿಶಿನ ಕುಂಕುಮ. ಮೀನು ಹಿಡಿಯುವ ದೋಣಿಗೆಂದು ನಾನು ಉಡಿ ತುಂಬುವುದನ್ನು ನನ್ನ ತವರು ಗುಡೂರಿನವರು ನೋಡಿದ್ದರೆ ಏನೆನ್ನುತ್ತಿದ್ದರೋ. ಯಜಮಾನರನ್ನು ಹೊರಡಿಸಲು ಎರಡು ದಿನ ಬೇಕಾಗಿತ್ತು. "ಯಾರೂ ಮುಟ್ಟಂಗಿಲ್ಲರಿ," ಎಂದು ಮಾತು ಕೊಟ್ಟ ಮೇಲೆ ಬಂದಿದ್ದರು. ಆಟೊದಿಂದ ಇಳಿದು ಕೋಲೂರಿಕೊಂಡು ನೀರಿನ ಅಂಚಿಗೆ ನಡೆದರು. ದೋಣಿ ಒಂದು ಮಗ್ಗಲನ್ನು ದಂಡೆಗೆ ತಾಗಿಸಿಕೊಂಡು ನಿಂತಿತ್ತು. ಅದಕ್ಕೆ ಬೆನ್ನು ಮಾಡಿ ನಿಂತು, ಕೋಲು ನನ್ನ ಕೈಗೆ ಕೊಟ್ಟು ಬಲಗೈ ಚಾಚಿದರು.

ಕೈಗೆ ಏನೂ ಸಿಗಲಿಲ್ಲ. ಪೈಪು ಅವರ ಎಡಕ್ಕಿತ್ತು.

ಆ ಕ್ಷಣ ನನಗೆ ಎಲ್ಲ ಅರ್ಥವಾಯಿತು. ಆಸರೆ ಎಂದ ಕೂಡಲೇ ಎತ್ತಿದ್ದು ನನ್ನ ಬಲಗೈ. ದಿನ ಬೆಳಗಾದರೆ ಅವರ ಎಡಗೈಯ ಕೆಳಗೆ ಹೋಗಿ ನಿಲ್ಲುವ ಕೈ ಅದೇ. ತಾನು ನಿಲ್ಲುವ ಜಾಗವನ್ನೇ ಅದು ಪೈಪಿಗೆ ತೋರಿಸಿಬಿಟ್ಟಿತ್ತು.

"ನಾ ಹಿಡೀತೇನ್ರಿ ಸಾಹೇಬ್ರ," ಎಂದು ಅಂಬಿಗ ಮುಂದೆ ಬಂದ.

"ಬ್ಯಾಡ." ಕೋಲಿಗಾಗಿ ನನ್ನ ಕಡೆ ಕೈ ನೀಡಿದರು. ಮನೆಗೆ ಹೋಗಲು.

ಕೋಲು ಕೊಟ್ಟೆ. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಅಂಬಿಗ ತಲೆ ಕೆರೆದುಕೊಂಡು ಪೈಪು ನೋಡಿದ, ಇವರನ್ನು ನೋಡಿದ. "ಅಕ್ಕಾರ, ಮಾರಿ ಸಣ್ಣದ ಮಾಡಬ್ಯಾಡ್ರಿ. ಇದಕ್ಕ ಮುಂದ ಹಿಂದ ಎಲ್ಲೈತಿ?" ಎಂದು ನೀರಿಗಿಳಿದು ದೋಣಿಯನ್ನು ನೂಕಿದ, ಅರ್ಧ ಸುತ್ತು ತಿರುಗಿಸಿದ. ಆಚೆಯ ಅಂಚನ್ನು ದಂಡೆಗೆ ತಂದು ನಿಲ್ಲಿಸಿದ. ಆಡು ಯಾವ ಕಡೆಯಿಂದಲೂ ಹತ್ತಬೇಕಲ್ಲ, ಹಾಗೆ ಮಾಡಿದ ದೋಣಿ ಅದು. ಪೈಪು ಈಗ ಬಲಕ್ಕೆ ಬಂತು.

ಯಜಮಾನರು ಹಿಡಿದು ನೋಡಿದರು. ಅಲುಗಿಸಿ ನೋಡಿದರು. ಕೂತರು. ಬಲಗೈಯಿಂದಲೇ ಎಡಗಾಲನ್ನು ಎತ್ತಿ ಒಳಗಿಟ್ಟುಕೊಂಡರು. ಯಾರೂ ಮುಟ್ಟಲಿಲ್ಲ. ಅಂಬಿಗ ಆಕಾಶ ನೋಡುತ್ತ ನಿಂತಿದ್ದ, ಪುಣ್ಯಾತ್ಮ.

"ಆಡಿನ ವಾಸನಿ ಹೋಗೇ ಇಲ್ಲಲ್ಲ," ಎಂದರು. ಒಂದು ತಿಂಗಳಲ್ಲಿ ಅವರಾಡಿದ ಮೊದಲ ಉದ್ದ ಮಾತು.

ದೋಣಿ ದೂರ ಹೋಯಿತು. ನಾನು ಕಲ್ಲಿನ ಮೇಲೆಯೇ ಇದ್ದೆ. ಕೈಯಲ್ಲಿ ಹಿಡಿಯುವುದು ಏನೂ ಇರಲಿಲ್ಲ. ಬಲತೋಳು ಇಷ್ಟು ನೋಯುತ್ತದೆಂದು ಅದು ಖಾಲಿ ಬಿದ್ದಾಗಲೇ ತಿಳಿಯಿತು. ಮಂತ್ರ ಹೇಳಿಕೊಳ್ಳೋಣವೆಂದು ಕಣ್ಣು ಮುಚ್ಚಿದೆ, ಕೂತಲ್ಲೇ ಜೊಂಪು ಹತ್ತಿತು. ಎದ್ದಾಗ ಅವರು ಆಗಲೇ ಇಳಿದು, ಕೋಲೂರಿ ನನ್ನ ಮುಂದೆ ನಿಂತಿದ್ದರು. ಇಳಿಯುವುದನ್ನು ನಾನು ನೋಡಲೇ ಇಲ್ಲ. ನೋಡಬೇಕಾಗಿಯೂ ಬರಲಿಲ್ಲ.

ಹಿತ್ತಲಲ್ಲಿ ನೀರು ಹಾಕುವಾಗ, ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಕೇಳಿದೆ. "ಏನ್ ಸಿಕ್ಕಿತ್ರಿ?"

"ಏನೂ ಇಲ್ಲ," ಎಂದರು. "ಕುಂತು ಬಂದೆ."